ಜಿಲ್ಲಾ ಗೀತೆಯ ಸಾಹಿತ್ಯ ಉಗ್ರಾಣ ಮುಟ್ಟಿದ್ದು

ಜಿಲ್ಲೆಗೆ ಸ್ವಂತದ್ದೊಂದು ಗೀತೆ ಇಲ್ಲವೆಂಬ ಗಂಭೀರ ಕೊರತೆ ಬಾಗಲಕೋಟೆಯ ಉತ್ಸವ ಕಚೇರಿಯ ಗಮನಕ್ಕೆ ಬಂದದ್ದು ಒಂದು ಸಮಾರಂಭದಲ್ಲಿ. 'ಈಗ ಎಲ್ಲರೂ ಎದ್ದು ನಿಲ್ಲಬೇಕು' ಎಂದು ನಿರೂಪಕರು ಹೇಳಿದರು, ಎಲ್ಲರೂ ನಿಂತರು, ಆದರೆ ಯಾವುದಕ್ಕೆ ನಿಂತೆವೆಂದು ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನಿಂತು, ಕೆಮ್ಮಿ, ಒಬ್ಬೊಬ್ಬರಾಗಿ ಕೂತರು. ಈ ಕೊರತೆಯನ್ನು ನೀಗಿಸುವ ಸಲುವಾಗಿ ಊರಿನ ನವನಗರ ಭಾಗದಲ್ಲಿ 'ಗೀತ ನಿರ್ಮಾಣ ಕೋಶ'ವನ್ನು ತೆರೆಯಲಾಯಿತು. ಹೆಸರಿನಲ್ಲಿ ನಿರ್ಮಾಣ ಎಂದಿದ್ದುದರಿಂದ ಕಡತವು ಸಹಜವಾಗಿಯೇ ಕಟ್ಟಡ ಕಾಮಗಾರಿಗಳನ್ನು ನೋಡಿಕೊಳ್ಳುವ ಶಾಖೆಗೆ ಹೋಯಿತು.

ಕೋಶದ ಮುಖ್ಯಸ್ಥರು ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಾಹೇಬರು. ಅವರು ಕಡತದ ಮೇಲೆ ಚೊಕ್ಕವಾಗಿ ಹೀಗೆ ಬರೆದರು: 'ಸಾಹಿತ್ಯ: ಶ್ರೀ ನಾಗಲಿಂಗಪ್ಪ, ಅಮೀನಗಡ. ಸಂಗೀತ: ಶ್ರೀ ಅಮಸಿದ್ದಪ್ಪ, ಹುನಗುಂದ. ನಿಯಮಾನುಸಾರ ಕ್ರಮ ವಹಿಸುವುದು.' ಕಡತ ಇಳಿಯುತ್ತ ಇಳಿಯುತ್ತ ಉಗ್ರಾಣ ನೋಡಿಕೊಳ್ಳುವ ಪಾಂಡಪ್ಪನ ಮೇಜಿಗೆ ಬಂತು.

ಪಾಂಡಪ್ಪ ಇಡೀ ನೌಕರಿಯನ್ನು ಉಸುಕು, ಸಿಮೆಂಟು, ಕಬ್ಬಿಣದ ಜೋಡಿ ಕಳೆದವನು. ಸಾಹಿತ್ಯ ಎಂದರೇನು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಮ್ಮ ಕಡೆ ಯಾರಿಗೂ ಇಲ್ಲ. ಅಡಿಗೆಗೆ ಅಡಿಗೆ ಸಾಹಿತ್ಯ ಇರುತ್ತದೆ, ಪೂಜೆಗೆ ಪೂಜಾ ಸಾಹಿತ್ಯ ಇರುತ್ತದೆ, ಮನೆ ಕಟ್ಟುವವರು ಮೊದಲು ಸಾಹಿತ್ಯ ತಂದು ಹಾಕಿಕೊಳ್ಳುತ್ತಾರೆ. ಅಂದಮೇಲೆ ನಾಗಲಿಂಗಪ್ಪ ಸಾಮಾನು ಪೂರೈಸುವವನು, ಅಮಸಿದ್ದಪ್ಪ ಅದರಿಂದ ಕೆಲಸ ಮಾಡುವ ಮೇಸ್ತ್ರಿ. ಪಾಂಡಪ್ಪ ಹಾಗೆಯೇ ದಾಖಲು ಮಾಡಿದ, ಸಾಹೇಬರು ಸಹಿ ಹಾಕಿದರು. ಸಾಹೇಬರ ಸಹಿ ಬಿದ್ದ ಮೇಲೆ ಅದು ತಪ್ಪಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಅಮಸಿದ್ದಪ್ಪ ಮಾಸ್ತರರು ಹುನಗುಂದದ ಸಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅವರ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಸ್ವರ ಆ ಸೀಮೆಯ ಭಜನಾ ಮಂಡಳಿಗಳಿಗೆಲ್ಲ ಗೊತ್ತು. ನಾಗಲಿಂಗಪ್ಪನದು ಅಮೀನಗಡದ ಬಸ್ಸು ನಿಲ್ಲುವ ಜಾಗದ ಎದುರಿಗೇ ಕರದಂಟಿನ ಅಂಗಡಿ. ಮಾಸ್ತರರು ಬಸ್ಸಿಳಿದು ಅಂಗಡಿಯ ಒಲೆಯ ಹತ್ತಿರ ಕೂಡುತ್ತಿದ್ದರು. ನಾಗಲಿಂಗಪ್ಪ ಬೆಲ್ಲದ ಪಾಕ ತಿರುವುತ್ತ ಒಂದು ಸಾಲು ಅನ್ನುತ್ತಿದ್ದ. ಮಾಸ್ತರರು ಅದನ್ನು ಗುನುಗಿ, 'ಲೇ, ಇಲ್ಲಿ ಕಾಲು ಎಡವತೈತಿ' ಎನ್ನುತ್ತಿದ್ದರು. ಅವನು ಒಂದು ಪದ ಕಿತ್ತು ಇನ್ನೊಂದು ಇಡುತ್ತಿದ್ದ, ಇವರು ಒಂದು ಸ್ವರ ಸರಿಸುತ್ತಿದ್ದರು. ಬೈದಾಡುತ್ತಿದ್ದರು. ಪಾಕ ಎಳೆ ಕಟ್ಟುವ ಹೊತ್ತಿಗೆ ಹಾಡೂ ಎಳೆ ಕಟ್ಟಿರುತ್ತಿತ್ತು. ಯಾವುದು ಕವಿಯದು, ಯಾವುದು ಸಂಗೀತದವನದು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಹೀಗೆ ಕಟ್ಟಿದ ಹಾಡುಗಳನ್ನು ಇಳಕಲ್ಲಿನಿಂದ ಕೆರೂರಿನ ತನಕ ಮಂದಿ ಹಾಡುತ್ತಿದ್ದರು, ಕಟ್ಟಿದವರ ಹೆಸರು ಮಾತ್ರ ಒಬ್ಬರಿಗೂ ತಿಳಿದಿರಲಿಲ್ಲ. ಮಾಸ್ತರರಿಗೆ ಅದರ ಬಗ್ಗೆ ಬೇಸರವೂ ಇರಲಿಲ್ಲ. ಆದರೆ ಇತ್ತೀಚೆಗೆ ಬಲಗೈ ಬೆರಳು ನಡುಗಲು ಶುರುವಾಗಿತ್ತು, ಪೇಟಿಯ ಮೇಲೆ ಒಂದು ಮನೆ ಒತ್ತಿದರೆ ಎರಡು ಮಾತಾಡುತ್ತಿದ್ದವು. ಕೈ ಪೂರ್ತಿ ನಿಲ್ಲುವುದರೊಳಗೆ ಒಂದು ಹಾಡಿನ ಕೆಳಗೆ ತಮ್ಮಿಬ್ಬರ ಹೆಸರು ಒಂದೇ ಸಾಲಿನಲ್ಲಿ ಇರಬೇಕು ಎಂದು ಅವರಿಗೆ ಆಸೆ ಹುಟ್ಟಿತು. ಕೋಶ ತೆರೆದ ಸುದ್ದಿ ಕೇಳಿ ಇಬ್ಬರ ಹೆಸರಿನಲ್ಲೂ ಅರ್ಜಿ ಹಾಕಿದ್ದವರು ಅವರೇ. ಅವರ ತಲೆಯಲ್ಲಿ ಬಹಳ ವರ್ಷದಿಂದ ಪದ ಸಿಗದೆ ಅಲೆಯುತ್ತಿದ್ದ ಒಂದು ಧಾಟಿಯೂ ಇತ್ತು. ನಡುವೆ ಒಂದು ಕಡೆ ಅದು ಕೆಳಗಿಳಿದು, ಮನೆಗೆ ಬಂದವರಂತೆ ನಿಂತುಬಿಡುತ್ತಿತ್ತು. ಅಲ್ಲಿಗೆ ಯಾವ ಮಾತೂ ಕೂಡುತ್ತಿರಲಿಲ್ಲ.

ಕಚೇರಿಯ ಆದೇಶ ಬಂದ ದಿನ ನಾಗಲಿಂಗಪ್ಪ ಸವುಟು ಎತ್ತಿ ಹೇಳಿದ್ದ: "ಈ ಸರ್ತಿ ಬಿಡಂಗಿಲ್ಲ ನೋಡಲೇ. ನಿನ್ನ ಆ ಖಾಲಿ ಜಾಗಕ್ಕ ಮೂರನೇ ಚರಣ ಬರೀತೇನಿ. ತಡಿ."

ಅದೇ ಅವರು ಎದುರಾಬದುರು ಆಡಿದ ಕೊನೆಯ ಮಾತಾಯಿತು. ಮರುದಿನ ಇಬ್ಬರನ್ನೂ ನವನಗರಕ್ಕೆ ಕರೆಸಿ, ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಈ ಕೆಳಗಿನ ಪ್ರಕಟಣೆಯನ್ನು ಓದಿ ಹೇಳಿ ಸಹಿ ಪಡೆಯಲಾಯಿತು:

'ಸಾಹಿತ್ಯ ಪೂರೈಸುವವರು ಹಾಗೂ ಸದರಿ ಸಾಹಿತ್ಯವನ್ನು ಬಳಸಿ ಕೆಲಸ ನಿರ್ವಹಿಸುವವರು ಕಾಮಗಾರಿ ಪೂರ್ಣಗೊಳ್ಳುವವರೆಗೆ ಮುಖತಃ, ದೂರವಾಣಿಯ ಮೂಲಕ ಅಥವಾ ಮೂರನೆಯವರ ಮೂಲಕ ಪರಸ್ಪರ ಸಂಪರ್ಕಿಸಕೂಡದು. ಸಂಪರ್ಕಿಸಿದಲ್ಲಿ ಅದನ್ನು ಒಳಒಪ್ಪಂದವೆಂದು ಪರಿಗಣಿಸಿ ಇಬ್ಬರ ಹೆಸರನ್ನೂ ಕೈಬಿಡಲಾಗುವುದು. ಉಳಿಕೆ ಸಾಹಿತ್ಯವನ್ನು ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು.'

"ಅಲ್ರಿ ಪಾಂಡಪ್ಪ," ಎಂದರು ಮಾಸ್ತರರು, "ಅಂವ ಬರದದ್ದು ನಾ ಕೇಳಬೇಕು, ನಾ ಹಾಡಿದ್ದು ಅಂವ ಕೇಳಬೇಕು. ಇಲ್ಲಂದ್ರ ಹಾಡು ಹೆಂಗ ಆಗ್ತದ?"

"ಮಾಸ್ತರ್ರ, ಇಟ್ಟಂಗಿ ಮಾರಾಂವ ಮತ್ತ ಗೋಡಿ ಕಟ್ಟಾಂವ ಒಲಿ ಮುಂದ ಕುಂತು ಮಾತಾಡಿದ್ರ ಗೋಡಿ ಏನಾಗ್ತದ ಅನ್ನೂದು ನಾ ನೋಡೇನಿ," ಎಂದ ಪಾಂಡಪ್ಪ. ಅವನ ದನಿಯಲ್ಲಿ ನಿಜವಾದ ನೋವಿತ್ತು. "ನಿಮ್ಮ ಮ್ಯಾಲೆ ನಂಗೇನು ಸಂಶೇ ಇಲ್ರಿ. ನಿಯಮ ಐತಿ."

ಮಾಸ್ತರರು ಸಹಿ ಮಾಡಿದರು. ಹೆಸರು ಹೋಗಬಾರದಿತ್ತಲ್ಲ.

ನಾಗಲಿಂಗಪ್ಪ ವಾರದೊಳಗೆ ಪಲ್ಲವಿ ಮತ್ತು ನಾಲ್ಕು ಚರಣಗಳನ್ನು ಒಂದು ಹಾಳೆಯ ಮೇಲೆ ಬರೆದು ಸಿದ್ಧಪಡಿಸಿದ. ಅಂಚೆಗೆ ಹಾಕಲು ಹೊರಟಾಗ ಕಚೇರಿಯಿಂದ ತಡೆ ಬಂತು. ಸಾಹಿತ್ಯದ ಸಾಗಾಟಕ್ಕೆ ಪ್ರತ್ಯೇಕ ಗುತ್ತಿಗೆ ಆಗಿತ್ತು, ಅದು ಪಾಂಡಪ್ಪನ ಅಳಿಯನಿಗೆ ಆಗಿತ್ತು. ಅಳಿಯನ ಟೆಂಪೋ ಓಡಿಸುವ ಮುಕ್ತಾರ ಅಮೀನಗಡಕ್ಕೆ ಬಂದು, ಹಾಳೆಯನ್ನು ಟೆಂಪೋದ ನಟ್ಟನಡುವೆ ಇಟ್ಟು, ಮೇಲೆ ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದ. ಹಾಳೆ ಜೇಬಿನಲ್ಲಿ ಹಿಡಿಯುತ್ತದಲ್ಲ ಎಂದು ಯಾರೋ ಗಿರಾಕಿ ಹೇಳಿದ್ದಕ್ಕೆ, "ಜೇಬಿಗೆ ಬಾಡಿಗಿ ಕೊಡಂಗಿಲ್ರಿ, ಗಾಡಿಗೆ ಕೊಡ್ತಾರ," ಎಂದು ಮುಕ್ತಾರ ಶಾಂತವಾಗಿ ಹೇಳಿದ. ತನ್ನ ಕೆಲಸದಲ್ಲಿ ಅವನು ಪ್ರಾಮಾಣಿಕ. ದಾರಿಯುದ್ದಕ್ಕೂ ಉಬ್ಬುಗಳಲ್ಲಿ ನಿಧಾನ ಮಾಡಿದ.

ಉಗ್ರಾಣದಲ್ಲಿ ಗುಣಮಟ್ಟದ ತಪಾಸಣೆ ಆಯಿತು. ಮೂರು ಪದಗಳನ್ನು ಮಾದರಿಯಾಗಿ ತೆಗೆದು ದೂರದ ಪ್ರಯೋಗಾಲಯವೊಂದಕ್ಕೆ ಕಳಿಸಲಾಯಿತು. 'ನಿಗದಿತ ಭಾರ ಹೇರಿದಾಗ ಪದಗಳು ಒಡೆದಿರುವುದಿಲ್ಲ' ಎಂದು ವರದಿ ಬಂತು. ಸಾಹೇಬರಿಗೆ ತುಂಬ ಸಂತೋಷವಾಯಿತು. "ನೋಡಿ, ಉತ್ತರ ಕರ್ನಾಟಕದ ಭಾಷೆ ಎಷ್ಟು ಗಟ್ಟಿ ಅಂತ ನಾನು ಮೊದಲೇ ಹೇಳಿರಲಿಲ್ಲವೇ!" ಎಂದರು.

ಮಾಸ್ತರರಿಗೆ ಸಾಹಿತ್ಯವನ್ನು ಒಮ್ಮೆಲೇ ಕೊಡಲಿಲ್ಲ. ಕೆಲಸ ಮುಂದುವರಿದಂತೆ ಕಂತಿನಲ್ಲಿ ಕೊಡುವುದು ಕ್ರಮ. ಮೊದಲು ಪಲ್ಲವಿ ಬಂತು:

ಕಲ್ಲೂ ಹಾಡತೈತಿ ನಮ್ಮ ನಾಡಿನಾಗ,
ನೂಲೂ ನಗತೈತಿ ನಮ್ಮ ಸೀರಿಯಾಗ.

ಮಾಸ್ತರರು ಪೇಟಿ ಮುಂದಿಟ್ಟುಕೊಂಡು ಹಾಡಿದರು. ಮೊದಲ ಸಾಲು ತಾನಾಗಿಯೇ ಧಾಟಿಯಲ್ಲಿ ಕೂತಿತು. ಎರಡನೆಯದರಲ್ಲಿ ರಾಗ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು, ಮಾತು ಅಲ್ಲಿಗೆ ಏರದೆ ಕೆಳಗೇ ನಿಲ್ಲುತ್ತಿತ್ತು. 'ನಗತೈತಿ'ಗೆ ಮುಂಚೆ ಒಂದು ಅಕ್ಷರ ಬೇಕಿತ್ತು. ಮೊದಲಾಗಿದ್ದರೆ ಪಾಕ ಒಂದು ಕುದಿ ಬರುವುದರೊಳಗೆ ಮುಗಿಯುವ ಮಾತು. ಈಗ ಅವರು ನಮೂನೆಯಲ್ಲಿ ಬೇಡಿಕೆ ಸಲ್ಲಿಸಿದರು: 'ಅಕ್ಷರ, ಲಘು, ಒಂದು.'

ಉತ್ತರ ಬರಲು ತಿಂಗಳು ಹಿಡಿಯಿತು. ಸಾಹಿತ್ಯದ ಬಿಡಿ ಪೂರೈಕೆಗೆ ಅವಕಾಶವಿಲ್ಲ, ಕನಿಷ್ಠ ಒಂದು ಚರಣವನ್ನಾದರೂ ತರಿಸತಕ್ಕದ್ದು, ಉಳಿದದ್ದನ್ನು ವ್ಯರ್ಥವೆಂದು ತೋರಿಸಲು ಪ್ರತ್ಯೇಕ ಅನುಮತಿ ಬೇಕು ಎಂದು ಅದರಲ್ಲಿತ್ತು.

ಮಾಸ್ತರರು ಇದನ್ನು ಕೇಳಿಕೊಳ್ಳಲು ನವನಗರಕ್ಕೆ ಹೊರಟರು. ಬಸ್ಸು ಅಮೀನಗಡದಲ್ಲಿ ನಿಂತಿತು. ನಿಲ್ಲುವುದು ಆ ಅಂಗಡಿಯ ಎದುರಿಗೇ. ಕಿಟಕಿಯಿಂದ ಕೈ ಚಾಚಿದರೆ ಕರದಂಟು ಸಿಗುವಷ್ಟು ಹತ್ತಿರ. ಮಾಸ್ತರರು ಮುಖ ಆಚೆ ತಿರುಗಿಸಿ ಕೂತರು. ಇಷ್ಟು ವರ್ಷದ ಗೆಳೆಯನಿಗೆ ಬೆನ್ನು ಮಾಡಿ ಕೂಡುವುದು ಅವರಿಗೆ ಅಳು ಬರಿಸುವಷ್ಟು ಕಷ್ಟವಾಯಿತು. ನಾಗಲಿಂಗಪ್ಪನೂ ಬಸ್ಸು ನೋಡಿದೊಡನೆ ಬೆನ್ನು ತಿರುಗಿಸಿ ಕಡಾಯಿಯ ಕಡೆ ನಿಂತ. ಚಾಲಕ ಚಹಾಕ್ಕೆ ಇಳಿದ. ಮಾಸ್ತರರಿಗೆ ತಡೆಯಲಾಗಲಿಲ್ಲ. ಎದುರಿನ ಸೀಟಿನ ಕಬ್ಬಿಣದ ಸಳಿಗೆ ಹೇಳುವವರಂತೆ ಗಟ್ಟಿಯಾಗಿ ಹಾಡಿದರು: "ನೂಲೂ... ನಗತೈತಿ..." ನಡುವೆ ಖಾಲಿ ಬಿಟ್ಟು, ಆ ಜಾಗದಲ್ಲಿ ಸಳಿಯನ್ನು ಒಮ್ಮೆ ಕುಟ್ಟಿದರು.

ಅಂಗಡಿಯಲ್ಲಿ ಸವುಟಿನ ಸದ್ದು ನಿಂತಿತು. ನಾಗಲಿಂಗಪ್ಪ ಕಡಾಯಿಗೆ ಹೇಳಿದ: "ಏನೋ ಪಾಕವೇ, ನಕ್ಕರ ಸಾಲಂಗಿಲ್ಲೇನು ನಿನಗ? ಮಿನಗಬೇಕೇನು? ಹಂಗಾರ ಮಿನಗು. ನೂಲೂ ಮಿನಗತೈತಿ ಅನ್ನು."

ಬಸ್ಸು ಹೊರಟಿತು. ಮಿನಗತೈತಿ! ಅಷ್ಟೇ, ಒಂದು 'ಮಿ'. ಮಾಸ್ತರರು ನವನಗರದವರೆಗೆ ಅದನ್ನೇ ಹಾಡಿಕೊಂಡು ಹೋದರು. ಸಾಲು ಮೆಟ್ಟಿಲು ಏರಿ ನಿಂತಿತ್ತು. ನಿಯಮ ಮುರಿದೆನೇ ಎಂದು ಯೋಚಿಸಿದರೆ, ಮುಖತಃ, ದೂರವಾಣಿ, ಮೂರನೆಯವರು ಎಂದಿತ್ತೇ ಹೊರತು ಕಡಾಯಿಯ ಮೂಲಕ ಎಂದು ಎಲ್ಲಿಯೂ ಇರಲಿಲ್ಲ.

ಆದರೆ ಪಾಂಡಪ್ಪ ಕಚ್ಚಾ ಆಳಲ್ಲ. ಕಾಮಗಾರಿಯ ಪರಿಶೀಲನೆಗೆಂದು ಪಲ್ಲವಿ ಹಾಡಿಸಿ ಕೇಳುತ್ತ, ಕೈಯಲ್ಲಿನ ಹಾಳೆಯ ಜೊತೆ ತಾಳೆ ನೋಡಿದವನು ಥಟ್ಟನೆ ಕೈ ಎತ್ತಿದ.

"ನಿಲ್ರಿ. ನಾ ನಿಮಗ ಕೊಟ್ಟಿದ್ದು ನಗತೈತಿ. ಈ 'ಮಿ' ಎಲ್ಲಿಂದ ಬಂತು?"

ಮಾಸ್ತರರು ಪೇಟಿಯ ಮುಚ್ಚಳ ಹಾಕಿದರು.

"ದಾಸ್ತಾನಿನ್ಯಾಗ ಇಲ್ಲದ ಸಾಹಿತ್ಯ ಕೆಲಸದ ಜಾಗಾದಾಗ ಸಿಕ್ಕೈತಿ ಅಂದ್ರ ಏನರ್ಥ್ರಿ ಮಾಸ್ತರ್ರ? ಯಾರು ಕೊಟ್ರು?"

ನಾಗಲಿಂಗಪ್ಪನ ಹೆಸರು ಹೇಳಿದರೆ ಇಬ್ಬರ ಹೆಸರೂ ಹೋಗುತ್ತಿತ್ತು. ಜೀವನದಲ್ಲಿ ಸುಳ್ಳು ಹೇಳದ ಮನುಷ್ಯ, "ಬಸ್ಸಿನ್ಯಾಗ ಸಿಕ್ತುರಿ," ಎಂದರು.

ಪಾಂಡಪ್ಪನ ಮುಖ ಮೃದುವಾಯಿತು. ಸಿಕ್ಕ ವಸ್ತುವಿಗೆ ನಿಯಮ ಇತ್ತು. ಅಕ್ಷರವನ್ನು ಒಂದು ಲಕೋಟೆಯಲ್ಲಿಟ್ಟು ಮೊಹರು ಮಾಡಿ ಕಪಾಟಿನೊಳಗೆ ಇಡಲಾಯಿತು. ಕಚೇರಿಯ ಹಲಗೆಯ ಮೇಲೆ ಪ್ರಕಟಣೆ ಅಂಟಿಸಿದರು: 'ಮಿ ಎಂಬ ಅಕ್ಷರವು ಸಾರಿಗೆ ಬಸ್ಸಿನಲ್ಲಿ ದೊರೆತಿದ್ದು, ವಾರಸುದಾರರು ಸೂಕ್ತ ದಾಖಲೆಗಳೊಂದಿಗೆ ಹಾಜರಾಗಿ ಪಡೆಯತಕ್ಕದ್ದು.' ಎಂಟು ಜನ ಅರ್ಜಿ ಹಾಕಿದರು. ಅಕ್ಷರದಿಂದ ಏನು ಮಾಡುತ್ತೀರಿ ಎಂದು ಕೇಳಿದಾಗ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸರಕಾರದಿಂದ ಸಿಗುತ್ತದೆಂದು ಹಾಕಿದ್ದರು. ಯಾರದೂ ದಾಖಲೆ ಸರಿಯಿರಲಿಲ್ಲ. ಮಾಸ್ತರರು ಮತ್ತೆ 'ನಗತೈತಿ' ಎಂದು ಮೆಟ್ಟಿಲ ಕೆಳಗೆ ನಿಂತು ಹಾಡಿದರು.

ಒಂದನೇ ಚರಣ ಬಂತು. ಎರಡನೆಯದು ಬಂತು. ಅದಾದ ಮೇಲೆ ನಾಲ್ಕನೆಯದು ಬಂತು.

"ಮೂರನೇದು ಎಲ್ರಿ ಪಾಂಡಪ್ಪ?" ಎಂದರು ಮಾಸ್ತರರು. ಅದಕ್ಕಾಗಿಯೇ ಅವರು ಇಷ್ಟು ದಿನ ಎಲ್ಲವನ್ನೂ ನುಂಗಿಕೊಂಡಿದ್ದರು.

ಪಾಂಡಪ್ಪ ಅವರನ್ನು ಕನಿಕರದಿಂದ ನೋಡಿದ. "ಮಾಸ್ತರ್ರ, ನೀವು ಸಾಲಿಯೊಳಗ ಇದ್ದವರು, ನಿಮಗ ಗೊತ್ತಿಲ್ಲ. ಸಾಹಿತ್ಯ ಅಂದಮ್ಯಾಲೆ ನಾಕರಾಗ ಒಂದು ಹೋಗೂದು ರೂಢಿ. ಇಳಸೂವಾಗ ಹೋಗ್ತದ, ಏರಸೂವಾಗ ಹೋಗ್ತದ. ಮೂರು ಖರೆ ಮುಟ್ಯಾವಲ್ಲ, ಅದು ನೋಡ್ರಿ."

"ಅಕ್ಷರ ಗಾಳಿಗೆ ಹೋಗೂ ವಸ್ತು ಏನ್ರಿ?"

"ಸಿಮೆಂಟ ಹೋಗ್ತದ," ಎಂದ ಪಾಂಡಪ್ಪ.

ಮನೆಗೆ ಬಂದು ಹೆಂಡತಿ ಶಾರವ್ವನ ಮುಂದೆ ಹೇಳಿಕೊಂಡರು. ಅವಳು ರೊಟ್ಟಿ ಬಡಿಯುತ್ತ, "ಕೇಳಿ ಬರೂಣಂದ್ರ ಅವನ ಜೋಡಿ ಮಾತಾಡಂಗಿಲ್ಲ ನೀವು. ಸತ್ತಾರೇನು ಇಬ್ಬರಾಗ ಒಬ್ಬರು?" ಎಂದಳು. 

ಅದೇ ತಿಂಗಳು ಪಾಂಡಪ್ಪನ ಗೃಹಪ್ರವೇಶದ ಆಮಂತ್ರಣ ಬಂತು. ಕೆರೂರಿನಲ್ಲಿ ಎರಡಂತಸ್ತಿನ ಮನೆ, ಸಿಮೆಂಟು, ಕಬ್ಬಿಣ, ಉಸುಕು ಎಲ್ಲವೂ ಉತ್ತಮ ಗುಣಮಟ್ಟದವು. ದಪ್ಪ ಕಾಗದ, ಮೇಲೆ ಬಂಗಾರದ ಬಣ್ಣದ ಬಾಗಿಲು. ಬಾಗಿಲ ಕೆಳಗೆ ಈ ಸಾಲುಗಳು:

ಬಾಗಲಾ ತೆರದೈತಿ, ಕಂಬಳಿ ಹಾಸೈತಿ,
ಹೆಸರ ಕೇಳೂ ಮೊದಲ ಬೆಲ್ಲ ನೀರ ಬರತೈತಿ.

ಮಾಸ್ತರರು ನಿಂತಲ್ಲೇ ಗುನುಗಿದರು. ಧಾಟಿ ಕೆಳಗಿಳಿಯಿತು, ಹೊಸ್ತಿಲು ದಾಟಿತು, ಕಂಬಳಿಯ ಮೇಲೆ ಕೂತಿತು. ಇಷ್ಟು ವರ್ಷ ಖಾಲಿ ಇದ್ದ ಜಾಗ ತುಂಬಿಬಿಟ್ಟಿತು. ಅವರಿಗೆ ಸಂತೋಷಕ್ಕೆ ಅಳು ಬಂತು, ಆಮೇಲೆ ಸಿಟ್ಟಿಗೆ ಬಂತು. ಸಾಲುಗಳ ಕೆಳಗೆ ಸಣ್ಣ ಅಕ್ಷರದಲ್ಲಿ 'ಸಾಹಿತ್ಯ: ಪಾಂಡಪ್ಪ' ಎಂದಿತ್ತು. ಆ ಪದವನ್ನು ಪಾಂಡಪ್ಪ ಅಲ್ಲಿ ಮಾತ್ರ ಮೈಸೂರು ಕಡೆಯ ಅರ್ಥದಲ್ಲಿ ಬಳಸಿದ್ದ.

ಗೃಹಪ್ರವೇಶಕ್ಕೆ ಇಬ್ಬರೂ ಹೋದರು. ಸಂಪರ್ಕ ಆಗದಿರಲೆಂದು ನಾಗಲಿಂಗಪ್ಪನನ್ನು ಮೊದಲ ಪಂಕ್ತಿಗೆ, ಮಾಸ್ತರರನ್ನು ಎರಡನೆಯ ಪಂಕ್ತಿಗೆ ಕೂರಿಸಿದರು. ಬಾಗಿಲಲ್ಲಿ ಎಲ್ಲರಿಗೂ ಬೆಲ್ಲ ನೀರು ಕೊಟ್ಟರು. ಸಾಹೇಬರು ಆ ಸಾಲುಗಳನ್ನು ಮೆಚ್ಚಿ, "ನಮ್ಮ ಉಗ್ರಾಣದಲ್ಲೇ ಇಂಥ ಕವಿ ಇರುವಾಗ ನಾವು ಹೊರಗಿನಿಂದ ಸಾಹಿತ್ಯ ತರಿಸಿದೆವಲ್ಲ!" ಎಂದು ಪಾಂಡಪ್ಪನ ಬೆನ್ನು ತಟ್ಟಿದರು. ಪಾಂಡಪ್ಪ ನಾಚಿಕೊಂಡ. ಮಾಸ್ತರರು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಈಗ ಬಾಯಿ ಬಿಟ್ಟರೆ ಕದ್ದ ಚರಣ ಸಿಕ್ಕೀತು, ಆದರೆ ಅದು ನಾಗಲಿಂಗಪ್ಪನದೆಂದು ತಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬಂದೀತು. ಹೋಳಿಗೆ ಚೆನ್ನಾಗಿತ್ತು.

ಗೀತಾರ್ಪಣೆಯ ಸಮಾರಂಭ ಬದಾಮಿಯಲ್ಲಿ ನಡೆಯಿತು. ಹಿಂದಿನ ದಿನ ಒಂದು ಸಣ್ಣ ತೊಡಕು ಎದ್ದಿತ್ತು. ಸಾಹಿತ್ಯ ಬಂದಿತ್ತು, ಸಂಗೀತವೂ ಮುಗಿದಿತ್ತು, ಎರಡನ್ನೂ ಕೂಡಿಸಿ ಹಾಡುವ 'ಜೋಡಣೆ ಕಾಮಗಾರಿ'ಗೆ ಗುತ್ತಿಗೆ ಆಗಿರಲಿಲ್ಲ. ಗುತ್ತಿಗೆ ಆಗದೆ ಜೋಡಿಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುತ್ತದೆ. ಆದಕಾರಣ ಬೆಳಿಗ್ಗೆ ಪಾಂಡಪ್ಪ ವೇದಿಕೆಯ ಮೇಲೆ ಮೂರು ಚರಣಗಳನ್ನು ರಾಗವಿಲ್ಲದೆ, ಸರಕು ಎಣಿಸುವ ದನಿಯಲ್ಲಿ ಓದಿದ. ಎಲ್ಲರೂ ಎದ್ದು ನಿಂತರು. ಸಂಜೆ ಮಾಸ್ತರರು ನಡುಗುವ ಬೆರಳಿನಿಂದ ಪೇಟಿಯ ಮೇಲೆ ಧಾಟಿಯನ್ನು ಮಾತಿಲ್ಲದೆ ನುಡಿಸಿದರು. ಮೂರನೆಯ ಚರಣದ ಜಾಗಕ್ಕೆ ಬಂದಾಗ ಪೇಟಿ ನಿಲ್ಲಿಸಿ, ಒಂದು ಚರಣದಷ್ಟು ಹೊತ್ತು ಸುಮ್ಮನೆ ಕೂತರು. ಆಗಲೂ ಎಲ್ಲರೂ ನಿಂತೇ ಇದ್ದರು. ದೊಡ್ಡ ಚಪ್ಪಾಳೆ ಬಿತ್ತು. ಇನ್ನು ಮುಂದೆ ಜಿಲ್ಲಾ ಗೀತೆಗೆ ದಿನಕ್ಕೆರಡು ಸಲ ನಿಲ್ಲತಕ್ಕದ್ದೆಂದು ಸುತ್ತೋಲೆಯೂ ಹೊರಟಿತು.

ಕಚೇರಿಯ ಮುಂದೆ ಗ್ರಾನೈಟಿನ ಫಲಕ ನಿಲ್ಲಿಸಿದರು. ಅದರ ಮೇಲೆ ಹೀಗೆ ಕೆತ್ತಿದೆ: 'ಪರಿಕಲ್ಪನೆ: ಸಾಹೇಬರು. ಸಾಹಿತ್ಯ: ಪಾಂಡಪ್ಪ, ಉಗ್ರಾಣ. ಸಾಗಾಟ: ಅಳಿಯ. ಕೂಲಿ: ಅಮಸಿದ್ದಪ್ಪ ಮತ್ತು ಇತರರು.' ನಾಗಲಿಂಗಪ್ಪನ ಹೆಸರು ಎಲ್ಲಿ ಎಂದು ಮಾಸ್ತರರು ಕೇಳಿದರು.

"ಇತರರು ಅಂದ್ರ ಅಂವನ ಅಲ್ಲೇನ್ರಿ," ಎಂದ ಪಾಂಡಪ್ಪ. "ನೋಡ್ರಿ, ಇಬ್ಬರನ್ನೂ ಒಂದ ಸಾಲಿನ್ಯಾಗ ಹಾಕ್ಸೇನಿ."

ಮಾಸ್ತರರು ಆ ಸಾಲಿನ ಮೇಲೆ ಬೆರಳಾಡಿಸಿದರು. ಅದು ನಿಜವಾಗಿಯೂ ಒಂದೇ ಸಾಲಾಗಿತ್ತು. ಅವರು ಪಾಂಡಪ್ಪನಿಗೆ ಕೈ ಮುಗಿದರು.

ಕಾಮಗಾರಿ ಪೂರ್ಣಗೊಂಡಿದ್ದರಿಂದ ಸಂಪರ್ಕದ ನಿಷೇಧವನ್ನು ತೆಗೆದುಹಾಕಲಾಗಿದೆ ಎಂಬ ಆದೇಶ ಅದೇ ವಾರ ಕೈ ಸೇರಿತು. ಮಾಸ್ತರರು ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಅಮೀನಗಡದಲ್ಲಿ ಬಸ್ಸಿಳಿದು, ಒಲೆಯ ಹತ್ತಿರದ ಹಳೆಯ ಜಾಗದಲ್ಲಿ ಕೂತರು. ನಾಗಲಿಂಗಪ್ಪ ಬೆಲ್ಲದ ಚೂರು, ನೀರು ತಂದಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೇಳುವುದು ಬೇಕಾದಷ್ಟಿತ್ತು. ಯಾರ ಬಾಯಿಂದಲೂ ಮಾತು ಹೊರಡಲಿಲ್ಲ.

ಕೊನೆಗೆ ನಾಗಲಿಂಗಪ್ಪ ಎದ್ದು, ಗೆಳೆಯನಿಗೆ ಬೆನ್ನು ಮಾಡಿ, ಕಡಾಯಿಯ ಕಡೆ ತಿರುಗಿದ.

"ಏನೋ ಪಾಕವೇ," ಎಂದ, "ಹೊಸಾದೊಂದು ಸಾಲು ಹೊಳದೈತಿ. ಕೇಳ್ತಿಯೇನು?"

ಮಾಸ್ತರರು ಕೂಡಲೇ ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಮೊಣಕಾಲಿನ ಮೇಲೆ ತಾಳ ಹಾಕುತ್ತ, ಅಂಗಡಿಯ ಮುಂದಿನ ಕಂಬಕ್ಕೆ ಉತ್ತರ ಹಾಡಿದರು. ಹಾಡು ಎಷ್ಟೋ ದಿನದ ಮೇಲೆ ಎಳೆ ಕಟ್ಟತೊಡಗಿತು.

ಅಂಗಡಿಗೆ ಬಂದ ಹೊಸ ಗಿರಾಕಿಯೊಬ್ಬ ಅವರನ್ನೂ ಇವರನ್ನೂ ನೋಡಿ, "ಯಾರ ಜೋಡಿ ಮಾತಾಡಾಕ ಹತ್ತೀರಿ ಯಜಮಾನ್ರ?" ಎಂದು ಕೇಳಿದ.

"ಪಾಕದ ಜೋಡಿರಿ," ಎಂದ ನಾಗಲಿಂಗಪ್ಪ.

"ಹೌದೇನು," ಎಂದು ಗಿರಾಕಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಹೋದ.